ಅಜ್ಜನ ಹೆಸರಿನ ಮುಂಚಿನ ಸಾಲು

ಬೆಳಿಗ್ಗೆ ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಿದ್ದೆ. ಆ ಘಾಟಿಗೆ ಅಜ್ಜಿಯ ಸೆರಗು ನೆನಪಾಯಿತು. ದಿನವಿಡೀ ಕಾಯಿಯ ತೊಟ್ಟು ಮುರಿಯುತ್ತಿದ್ದ ಅವಳ ಸೆರಗಿಗೂ ಇದೇ ವಾಸನೆ ಇತ್ತು.

ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅಜ್ಜಿಯ ಕಣ್ಣು ತೋರಿಸಲು ಅವ್ವ ನಮ್ಮಿಬ್ಬರನ್ನೂ ಹಾವೇರಿಯ ದವಾಖಾನೆಗೆ ಕರೆದೊಯ್ದಿದ್ದಳು. ಚೀಟಿ ಬರೆಯುವವರು ಕೇಳಿದರು, "ಯಜಮಾನ್ರ ಹೆಸರೇನಬೇ ಯಮ್ಮಾ?"

ಅಜ್ಜಿ ಬಾಯಿ ತೆರೆದವಳು ಹಾಗೇ ನಿಂತಳು.

"ನಾಚಬ್ಯಾಡ, ಹೇಳಬೇ."

"ನಾಚಿಕಿ ಅಲ್ಲೋ ಯಪ್ಪಾ. ಗೊತ್ತೈತಿ, ಬಾಯಿಗೆ ಬರವಲ್ದು."

ಅಜ್ಜ ತೀರಿ ಬಹಳ ವರ್ಷಗಳಾಗಿದ್ದವು. ಇದ್ದಾಗಲೂ ಅವಳು ಅವನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಮಾವನ ಹೆಸರು ಹೇಳಬಾರದೆಂದು ಅವ್ವ ನೆಲ ನೋಡುತ್ತಿದ್ದಳು. ನನಗಂತೂ ಅವನು ಫೋಟೋದೊಳಗಿನ ಅಜ್ಜ, ಅಷ್ಟೇ.

"ಬಸಪ್ಪ ಏನು?"

"ಅಲ್ಲ."

"ನಿಂಗಪ್ಪ?"

"ಅದಲ್ಲ."

ಬಾರದ ಹೆಸರಿನ ಬಗ್ಗೆ ಅವಳಿಗೆ ಅಷ್ಟು ಖಾತ್ರಿ.

ಆಮೇಲೆ ಅಜ್ಜಿ ತಲೆತುಂಬ ಸೆರಗು ಹೊದ್ದು ಕಣ್ಣು ಮುಚ್ಚಿದಳು. ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ ತಡೆದವರಿಗೆ, ಗಂಡನ ಹೆಸರು ಸೇರಿಸಿ ಹೇಳಿದ್ದ ಪ್ರಾಸದ ಒಡಪನ್ನು ಮೊದಲಿನಿಂದ ಮೆಲ್ಲಗೆ ಹೇಳತೊಡಗಿದಳು. ಮೆಣಸಿನಕಾಯಿಯ ಮೇಲೊಂದು ಸಾಲು, ಅದರ ಬೆನ್ನಿಗೇ ಬಂತು, "ಫಕ್ಕೀರಪ್ಪ."

"ಈಗ ನೋಡು, ನಾಚಿಕಿ ಬಂತು," ಎಂದು ಮುಖ ಮುಚ್ಚಿಕೊಂಡಳು.

ಇವತ್ತು ಒಲೆಯ ಮುಂದೆ ಅಜ್ಜನ ಹೆಸರು ನನಗೆ ಸಲೀಸಾಗಿ ಬಂತು. ಬಾರದಿರುವುದು ಅದರ ಮುಂಚಿನ ಆ ಸಾಲು. ಪಕ್ಕದಲ್ಲಿ ಈ ಕಥೆ ಕೇಳುತ್ತಿದ್ದ ಮಗಳು ತನಗೆ ತೋಚಿದ ಸಾಲುಗಳನ್ನೆಲ್ಲ ಕಟ್ಟಿ ಹೇಳಿದಳು.

"ಅದಲ್ಲ," ಎನ್ನುತ್ತಲೇ ಇದ್ದೆ. ಅವಳು ನಕ್ಕಾಗ ಗೊತ್ತಾಯಿತು, ನಾನು ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡಿದ್ದೆ.