ಏಳು ತಿಂಗಳಾದರೂ ಮುಗಿಯದ ಸಿಲಿಂಡರು

ಸುಳ್ಳು ಅಂತೀಯಲ್ಲ, ನೀನು ಯಾವತ್ತಾದ್ರೂ ಗ್ಯಾಸ್ ಸಿಲಿಂಡರ್ ಹೊತ್ತಿದ್ದೀಯಾ? ಇಲ್ಲ ತಾನೇ? ಹಾಗಾದ್ರೆ ಬಾಯಿ ಮುಚ್ಕೊಂಡು ಕೇಳು. ನಮ್ಮ ಬೀದಿಗೆ ಗ್ಯಾಸ್ ತರ್ತಿದ್ದ ಸಿಲಿಂಡರಣ್ಣ ಇದ್ನಲ್ಲ, ಅವನಿಗೆ ತಕ್ಕಡಿ ಬೇಕಿರ್ಲಿಲ್ಲ. ಸಿಲಿಂಡರನ್ನ ಮೊಣಕಾಲಿಗೆ ತಾಗಿಸಿ ಒಂದ್ಸಲ ಅಲ್ಲಾಡಿಸಿ, "ಅಕ್ಕಾ, ಇನ್ನು ನಾಲ್ಕು ಲೋಟ ಕಾಫಿಗಾಗತ್ತೆ" ಅಂತಿದ್ದ. ನಾಲ್ಕು ಲೋಟ ಕಾಯೋದು, ಐದನೇದು ಉಗುರುಬೆಚ್ಚಗೆ ನಿಂತ್ಬಿಡೋದು. ಆಯ್ತಪ್ಪ, ಐದನೇ ಲೋಟ ನಾನು ಸೇರಿಸಿದ್ದು. ಉಳಿದಿದ್ದೆಲ್ಲ ನಿಜ.

ಹೊತ್ತೂ ಹೊತ್ತೂ ಅವನ ಎಡಭುಜ ಬಲಭುಜಕ್ಕಿಂತ ಒಂದು ಗೇಣು ಕೆಳಗೆ ಇಳಿದಿತ್ತು. ಆ ಸೊಟ್ಟ ಭುಜಕ್ಕೆ ಸರಿಯಾಗಿ ಶರ್ಟು ಹೊಲೀತಿದ್ದೋಳು ಒಬ್ಬಳೇ, ಮೂರನೇ ಮಹಡಿ ಟೈಲರಮ್ಮ. ಗಂಡ ತೀರ್ಕೊಂಡಿದ್ದ. ಎರಡು ಹೆಣ್ಣುಮಕ್ಕಳು, ಒಂದು ಮೆಷಿನ್ನು, ಮೂಗಿನ ತುದಿ ತುಂಬ ಸ್ವಾಭಿಮಾನ.

ಬೇರೆ ಮನೆಗಳಲ್ಲಿ ಸಿಲಿಂಡರ್ ಒಂದೂವರೆ ತಿಂಗಳಿಗೆ ಮುಗಿಯೋದು. ಟೈಲರಮ್ಮಂದು ಏಳು ತಿಂಗಳಾದ್ರೂ ಮುಗೀಲಿಲ್ಲ. ಏನೋ ಕೆಟ್ಟಿರ್ಬೇಕು ಅಂತ ಸಿಲಿಂಡರಣ್ಣ ನೋಡೋಕೆ ಹೋದ. ರೆಗ್ಯುಲೇಟರ್ ಸರಿಯಾಗಿತ್ತು, ಪೈಪು ಸರಿಯಾಗಿತ್ತು. ಒಲೆ ಮೇಲೆ ಪಾತ್ರೆ ಮಾತ್ರ ಇರ್ಲಿಲ್ಲ.

"ಏನಕ್ಕಾ, ಗ್ಯಾಸನ್ನ ಉಪ್ಪಿನಕಾಯಿ ಥರ ನೆಂಚ್ಕೊಳ್ತಿದ್ದೀರಾ?"

"ನಾವು ಕಮ್ಮಿ ತಿನ್ನೋ ಜನ ಕಣಪ್ಪ."

ಸಿಲಿಂಡರಣ್ಣ ಮಕ್ಕಳ ಕಡೆ ನೋಡಿದ. ಬೆಳೆಯೋ ಮಕ್ಕಳ ಫ್ರಾಕಿನ ಹೊಲಿಗೆ ಯಾರಾದ್ರೂ ಬಿಚ್ಚಿ ಸಡಿಲ ಮಾಡ್ತಾರೆ. ಇವಳು ಎರಡು ಕಡೆ ಹಿಡಿದು ಒಳಕ್ಕೆ ಹೊಲಿದಿದ್ಳು.

"ರೇಷನ್ ಕಾರ್ಡು ಯಾಕೆ ಮಾಡಿಸ್ಲಿಲ್ಲಕ್ಕಾ?"

"ಅಯ್ಯೋ, ಅದು ಬಡವರಿಗಲ್ವಾ?"

"ಮತ್ತೆ ನೀವು?"

"ನಾವು ಸ್ವಲ್ಪ ಕಷ್ಟದಲ್ಲಿರೋರು ಅಷ್ಟೇ."

ಒಂದು ತಿಂಗಳು ಗುದ್ದಾಡಿ ಅರ್ಜಿಗೆ ರುಜು ಹಾಕಿಸ್ದ. ಮಂಗಳವಾರ ರೇಷನ್ ಇನ್‌ಸ್ಪೆಕ್ಟರ್ ಮನೆ ನೋಡೋಕೆ ಬರ್ತಾರೆ ಅಂತ ಸುದ್ದಿ ಬಂತು. ಟೈಲರಮ್ಮ ಏನ್ಮಾಡಿದ್ಳು ಗೊತ್ತಾ? ಮನೆಗೆ ದೊಡ್ಡವರು ಬರ್ತಿದ್ದಾರೆ, ನಿಲ್ಲಿಸಿ ಮಾತಾಡ್ಸಕ್ಕಾಗತ್ತಾ ಅಂತ ಕೆಳಗಿನ ಮನೆ ಸೋಫಾ ಎರವಲು ಕೇಳಿದ್ಳು. ಹಾಗೇ ಪಿಂಗಾಣಿ ಲೋಟ, ಗೋಡೆ ಗಡಿಯಾರ. ಕೊನೆಗೆ ಒಂದು ಮೀನಿನ ತೊಟ್ಟಿ, ಮೀನಿನ ಸಮೇತ! ಇದನ್ನೆಲ್ಲ ಮೂರು ಮಹಡಿ ಹೊತ್ತೋನು ಯಾರು? ನಮ್ಮ ಸಿಲಿಂಡರಣ್ಣನೇ.

"ಅಕ್ಕಾ, ಇದನ್ನ ನೋಡಿದ್ರೆ ಅವರೇ ನಿಮ್ಮ ಹತ್ರ ಅಕ್ಕಿ ಸಾಲ ಕೇಳ್ತಾರೆ!"

"ಸುಮ್ನಿರೋ. ಅವರ ಮುಂದೆ ನನ್ನ ಕಷ್ಟ ಬಾಯಿಬಿಟ್ಟೆಯೋ, ಇನ್ಮೇಲೆ ನಿನ್ನ ಶರ್ಟಿಗೆ ಎರಡು ಭುಜಾನೂ ಒಂದೇ ಅಳತೆ!"

ಇನ್‌ಸ್ಪೆಕ್ಟರ್ ಬಂದ್ರು. ಸೋಫಾದಲ್ಲಿ ಕೂತ್ರು, ಅರ್ಧ ಮುಳುಗಿಹೋದ್ರು. ಮೀನು ನೋಡಿದ್ರು. ಮೀನೂ ಅವರನ್ನ ನೋಡ್ತು. ಕಾಫಿ ಕುಡಿದು, "ಚೆನ್ನಾಗಿಟ್ಕೊಂಡಿದ್ದೀರಮ್ಮ ಮನೆ" ಅಂತ ಪೆನ್ನಿನ ಮುಚ್ಚಳ ತೆಗೆದ್ರು. ಟೈಲರಮ್ಮನ ಮುಖ ಅರಳ್ತು. ಬಾಗಿಲ ಹತ್ರ ನಿಂತಿದ್ದ ಸಿಲಿಂಡರಣ್ಣ ಆ ಪೆನ್ನನ್ನೇ ನೋಡ್ದ. 'ಅರ್ಹರಲ್ಲ' ಅಂತ ಒಂದು ಪದ ಬರೆದ್ರೆ ಮುಗೀತು, ಆ ಮಕ್ಕಳ ಫ್ರಾಕಿಗೆ ಇನ್ನೊಂದು ಹೊಲಿಗೆ. ಬಾಯಿ ಬಿಡೋ ಹಾಗಿಲ್ಲ, ಟೈಲರಮ್ಮ ಮೊದ್ಲೇ ಹೆದರಿಸಿಟ್ಟಿದ್ದಾಳೆ.

ಸೀದಾ ಅಡುಗೆಮನೆಗೆ ಹೋಗಿ ಸಿಲಿಂಡರನ್ನ ಉರುಳಿಸ್ಕೊಂಡು ಬಂದ.

"ಸಾರ್, ಒಂಚೂರು ಎತ್ತಿ ನೋಡ್ತೀರಾ?"

"ನಾನ್ಯಾಕ್ರೀ ಎತ್ಲಿ?"

"ಎತ್ತಿ ಸಾರ್. ಆಮೇಲೆ ಬರೀರಿ."

ಎತ್ತಿದ್ರು. ಬೆನ್ನು 'ಕಟ್' ಅಂತು. "ಭಾರ ಇದೆ. ಹೊಸದು."

ಸಿಲಿಂಡರಣ್ಣ ಗ್ಯಾಸ್ ಪುಸ್ತಕ ಮುಂದೆ ಹಿಡಿದ. ಇನ್‌ಸ್ಪೆಕ್ಟರ್ ಸಿಲಿಂಡರ್ ಬಂದ ತಾರೀಕು ನೋಡಿದ್ರು, ಎಂಟು ತಿಂಗಳ ಹಿಂದಿಂದು. ಕನ್ನಡಕ ಒರೆಸ್ಕೊಂಡು ಮತ್ತೆ ನೋಡಿದ್ರು. ಅವರ ಮನೇಲೂ ಮೂರೇ ಜನ, ಸಿಲಿಂಡರ್ ನಲವತ್ತು ದಿನ ಬಂದ್ರೆ ಹೆಚ್ಚು. ಎದ್ದು ಅಡುಗೆಮನೆಗೆ ನಡೆದ್ರು. ಅಲ್ಲಿಗೆ ಯಾರೂ ಏನೂ ತಂದಿಟ್ಟಿರ್ಲಿಲ್ಲ. ಫಳಫಳ ಬೆಳಗಿಟ್ಟ ಮೂರು ಡಬ್ಬಿ. ಮೂರರ ಮುಚ್ಚಳಾನೂ ತೆಗೆದ್ರು, ಮೆಲ್ಲಗೆ ಮುಚ್ಚಿದ್ರು.

"ಸೋಫಾ ಯಾರದಮ್ಮ?"

"ನಮ್ದೇ" ಅಂದ್ಳು ಟೈಲರಮ್ಮ, ಗಲ್ಲ ಮೇಲೆತ್ತಿ.

"ನೋಡಮ್ಮ, ಸುಳ್ಳು ಹೇಳಿ ಕಾರ್ಡು ತಗೊಳ್ಳೋರನ್ನ ಇಪ್ಪತ್ತು ವರ್ಷದಿಂದ ನೋಡಿದ್ದೀನಿ. ಸುಳ್ಳು ಹೇಳಿ ಕಾರ್ಡು ಕಳ್ಕೊಳ್ಳೋರನ್ನ ಇವತ್ತೇ ನೋಡ್ತಿರೋದು. ಈ ಅಕ್ಕಿ ಯಾರೂ ದಾನ ಕೊಡ್ತಿರೋದಲ್ಲ. ನಿಮಗೆ ಅಂತಾನೇ ಇಟ್ಟಿರೋದು."

ಟೈಲರಮ್ಮ ಎತ್ತಿದ್ದ ಗಲ್ಲ ಇಳಿಸಿದ್ಳು. ಆಮೇಲೆ ಮೆಲ್ಲಗೆ, "ಸೋಫಾ ಕೆಳಗಿನ ಮನೇದು. ಮೀನು ಎದುರು ಮನೇದು. ನೀವು ಕುಡಿದ ಕಾಫಿ ಮಾತ್ರ ನಮ್ದೇ ಸಾರ್" ಅಂದ್ಳು.

"ಅದಕ್ಕೇ ಅದೊಂದೇ ಚೆನ್ನಾಗಿತ್ತು" ಅಂದ್ರು ಅವರು. 'ಅರ್ಹರು' ಅಂತ ಬರೆದು, ಆರಲಿ ಅಂತ ಊದಿದ್ರು.

ಮೆಟ್ಟಿಲು ಇಳೀತಾ ಸಿಲಿಂಡರಣ್ಣನ ಸೊಟ್ಟ ಭುಜ ಹಿಡಿದು ಕೇಳಿದ್ರು: "ಏನ್ರೀ, ನಿಮ್ಮ ಲೈನಲ್ಲಿ ಇಂಥ ಮುಗಿಯದ ಸಿಲಿಂಡರು ಇನ್ನೂ ಇದಾವಾ?"

"ಹೆಸರು ಹೇಳಲ್ಲ ಸಾರ್. ಮೆಟ್ಟಿಲು ತೋರಿಸ್ತೀನಿ, ನೀವು ಹತ್ತಿ."

ಅವತ್ತು ಆ ಇನ್‌ಸ್ಪೆಕ್ಟರು ಹನ್ನೊಂದು ಮನೆ ಹತ್ತಿದ್ರು ಕಣೋ, ಆರನೇ ಮನೆ ಹೊತ್ತಿಗೆ ಅವರನ್ನೂ ಇವನೇ ಹೆಗಲ ಮೇಲೆ ಹೊತ್ಕೊಂಡು... ಏನೇ? ಬಡಿಸಾಯ್ತಾ? ಬಂದೆ ಮಾರಾಯ್ತಿ, ಬಂದೆ!