ಊಟದ ಮೇಜಿನ ತಾಳಮದ್ದಳೆ

ಭಾನುವಾರ ನಮ್ಮ ಮನೆಯ ಊಟದ ಮೇಜಿನ ಮೇಲೆ ಊಟ ಮಾಡುವಂತಿಲ್ಲ. ಈ ಕಾನೂನು ಮಾಡಿದವನು ಮಗ ನಿಶಾಂತ್, ಪಾಲಿಸುವವಳು ನಾನು. ಬೆಳಗಿನ ನೀರುದೋಸೆಯ ತಟ್ಟೆಗಳು ಎದ್ದ ಕೂಡಲೇ ಅವನು ಮೇಜನ್ನು ಒದ್ದೆಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ, ಚೌಕಳಿ ಗೆರೆಯ ದೊಡ್ಡ ಹಾಳೆಯೊಂದನ್ನು ಹಾಸುತ್ತಾನೆ. ವಾರದ ಉಳಿದ ದಿನ ತನ್ನ ಲೋಟವನ್ನೂ ತೊಳೆಯದ ಮಗನಿಗೆ ಆ ಹೊತ್ತಿಗೆ ಎಲ್ಲಿಂದ ಅಷ್ಟು ಶ್ರದ್ಧೆ ಬರುತ್ತದೋ ನನಗೆ ಗೊತ್ತಿಲ್ಲ. ನನ್ನ ಯಜಮಾನರು ಆ ಹೊತ್ತಿಗೆ ವಾಶಿಯ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತಿರುತ್ತಾರಾದ್ದರಿಂದ ಈ ಕಾನೂನಿನ ಬಿಸಿ ಅವರಿಗೆ ತಟ್ಟುವುದಿಲ್ಲ. ನಾನು ಮಾತ್ರ ಅಡುಗೆಮನೆಯ ಕಟ್ಟೆಗೆ ಒರಗಿ, ನಿಂತೇ ಉಂಡು, ಕಿವಿಯನ್ನು ಹೊರಗಿನ ಕೋಣೆಗೆ ಬಿಟ್ಟಿರುತ್ತೇನೆ.

ನೀವು ಈ ಆಟವನ್ನು ನೋಡಿರಲಿಕ್ಕಿಲ್ಲ, ಆದ್ದರಿಂದ ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಮಂದಿ ಕೂರುತ್ತಾರೆ. ಒಬ್ಬ ಕಥೆ ಹೇಳುವವನು. ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರ. ಕಥೆಗಾರ ಹೇಳುತ್ತಾನೆ, ಬಾಗಿಲು ಮುಚ್ಚಿದೆ, ಒಳಗಿನಿಂದ ಹೊಗೆ ಬರುತ್ತಿದೆ, ಏನು ಮಾಡುತ್ತೀರಿ? ಒಬ್ಬಳು ಬಾಗಿಲು ಒದೆಯುತ್ತೇನೆ ಎನ್ನುತ್ತಾಳೆ, ಇನ್ನೊಬ್ಬ ಬಾಗಿಲಿನ ಸಂಗಡ ಮಾತಾಡಿ ನೋಡುತ್ತೇನೆ ಎನ್ನುತ್ತಾನೆ. ಆಗುವುದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳವನ್ನು ಉರುಳಿಸುತ್ತಾರೆ. ವೇಷವಿಲ್ಲ, ಪರದೆಯಿಲ್ಲ, ಕರೆಂಟೂ ಬೇಕಿಲ್ಲ. ಮೊದಲು ಇದೇ ಮಗ ಕಂಪ್ಯೂಟರಿನ ಆಟದಲ್ಲಿ ಮುಳುಗಿ, ಕಿವಿಗೆ ಬುಟ್ಟಿಯಂಥದ್ದು ಏರಿಸಿಕೊಂಡು, ಮುಚ್ಚಿದ ಬಾಗಿಲ ಹಿಂದೆ ಯಾರ ಮೇಲೋ ಕಿರುಚುತ್ತಿದ್ದ. ಆ ಕಿರುಚಾಟ ಹೊರಗಿನ ಕೋಣೆಗೆ ಬಂದು, ಎದುರಿಗೆ ಮುಖವಿರುವ ಮನುಷ್ಯರ ಮೇಲೆ ಆಗತೊಡಗಿದ್ದು ನನಗೆ ಸಂತೋಷವೇ.

ಕಟ್ಟೆಗೆ ಒರಗಿ ಕೇಳುತ್ತಾ ಕೇಳುತ್ತಾ ನನಗೆ ಒಂದು ದಿನ ನಗು ಬಂತು. ಇದನ್ನು ನಾನು ಬಲ್ಲೆನಲ್ಲ! ಯಕ್ಷಗಾನದಿಂದ ವೇಷವನ್ನೂ ಕುಣಿತವನ್ನೂ ಕಳೆದರೆ ಉಳಿಯುವುದು ತಾಳಮದ್ದಳೆ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು, ಅಂದರೆ ನಾವು, ಸೀರೆಯುಟ್ಟು ಸಾಲಾಗಿ ಕೂತು, ಒಬ್ಬಳು ದೊರೆಯಾಗಿ, ಇನ್ನೊಬ್ಬಳು ಅವನ ವೈರಿಯಾಗಿ, ಬರೆದುಕೊಳ್ಳದೆ, ಬಾಯಿಪಾಠ ಮಾಡದೆ, ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ವಾದಿಸುತ್ತೇವೆ. ಡೊಂಬಿವಲಿಯ ನಮ್ಮ ಮಹಿಳಾ ತಂಡದಲ್ಲಿ ನನ್ನ ಸ್ವರ ಗಡಸು ಎಂಬ ಕಾರಣಕ್ಕೆ ನನಗೆ ಬರುವುದು ಹೆಚ್ಚಾಗಿ ಸೋಲುವ ಪಾತ್ರಗಳು, ಅಹಂಕಾರದ ಅರಸರು, ಹಟದ ದಾನವರು. ಇದರಲ್ಲಿ ನನಗೆ ಬೇಸರವಿಲ್ಲ, ಸ್ವಲ್ಪ ಜಂಬವೇ ಇದೆ. ಎದುರಾಳಿಯ ವಾದವನ್ನು ಎಳೆ ಎಳೆಯಾಗಿ ಬಿಡಿಸಿ, ಸಭೆಯೆಲ್ಲ ನನ್ನ ಕಡೆ ವಾಲಿದೆ ಅನ್ನುವ ಹೊತ್ತಿಗೆ ಸರಿಯಾಗಿ, ಮುಂದಿನ ಪದ್ಯಕ್ಕೆ ದಾರಿ ಮಾಡಿಕೊಟ್ಟು ಸೋಲುವುದಿದೆಯಲ್ಲ, ಅದು ಸುಲಭದ ವಿದ್ಯೆಯಲ್ಲ. ಪ್ರಸಂಗದ ಕೊನೆ ಮುಂದಿನ ಸಾಲಿನ ಅಜ್ಜಿಯಿಂದ ಹಿಡಿದು ಹಿಂದಿನ ಸಾಲಿನ ಮಗುವಿನ ತನಕ ಎಲ್ಲರಿಗೂ ಗೊತ್ತು; ಆ ಕೊನೆಗೆ ತಕರಾರು ತೆಗೆದು ಕಥೆಯನ್ನು ನಿಲ್ಲಿಸುವವಳನ್ನು ಮರುವರ್ಷ ಯಾರೂ ಕರೆಯುವುದಿಲ್ಲ.

ನಿಶಾಂತನಿಗೆ ಇದೆಲ್ಲ ಕೇಳಿ ಗೊತ್ತು, ಕೂತು ನೋಡಿದ್ದಿಲ್ಲ. ಮನೆಯಲ್ಲಿ ನಾವು ತುಳುವಿನಲ್ಲಿ ಕೇಳಿದ್ದಕ್ಕೆ ಅವನು ಹಿಂದಿಯಲ್ಲಿ ಉತ್ತರಿಸುತ್ತಾನೆ, ಕನ್ನಡದಲ್ಲಿ ಗದರಿದರೆ ಮರಾಠಿಯಲ್ಲಿ ನಗುತ್ತಾನೆ. ಮೇ ತಿಂಗಳಲ್ಲಿ ಉಡುಪಿಗೆ ಕರೆದೊಯ್ದರೆ ಸೊಳ್ಳೆ ಹೊಡೆಯುತ್ತಾ ವಾಪಸು ಟಿಕೇಟಿನ ದಿನ ಕೇಳುತ್ತಾನೆ. ಇವನಿಗೆ ತನ್ನದೆಂದು ಹೇಳಿಕೊಳ್ಳುವ ಊರೇ ಇಲ್ಲವಾಯಿತಲ್ಲ ಎಂದು ನಾನು ಮರುಗಿದ್ದುಂಟು. ಆದರೆ ಅವನು ಕಥೆಗಾಗಿ ಕಟ್ಟಿದ ರಾಜ್ಯವನ್ನು ಒಮ್ಮೆ ಸರಿಯಾಗಿ ಬಗ್ಗಿ ನೋಡಿದೆ. ಉಪ್ಪುನೀರು ಏರಿಳಿಯುವ ಖಾಡಿ, ಎರಡೂ ದಡದಲ್ಲಿ ಉಪ್ಪಿನ ಗದ್ದೆ, ಚಳಿಗಾಲಕ್ಕೆ ಬಂದಿಳಿಯುವ ಗುಲಾಬಿ ಹಕ್ಕಿಗಳು, ನಾಲ್ಕು ದಿಕ್ಕಿನ ದಾರಿ ಕೂಡುವ, ಎಲ್ಲರೂ ಬಂಡಿ ಬದಲಿಸುವ, ಯಾರೂ ನಿಲ್ಲದ ಒಂದು ಗಿಜಿಗಿಜಿ ಪಟ್ಟಣ. ಅದಕ್ಕೇನೋ ಘನವಾದ ಹೆಸರಿಟ್ಟಿದ್ದ, ಆದರೆ ಅದು ನಮ್ಮ ಡೊಂಬಿವಲಿ ಹತ್ತಿರದ ದಿವಾ ಜಂಕ್ಷನ್ ಅನ್ನುವುದನ್ನು ಅಲ್ಲಿ ಒಮ್ಮೆ ಗಾಡಿ ಬದಲಿಸಿದ ಯಾರಾದರೂ ಹೇಳಿಯಾರು. ಹುಡುಗನಿಗೆ ಊರಿದೆ, ನಾನು ಹುಡುಕಿದ ದಿಕ್ಕು ತಪ್ಪಿತ್ತು ಅಷ್ಟೆ.

ಆಡುವವರಲ್ಲಿ ಒಬ್ಬನಿಗೆ ಪುಣೆಗೆ ವರ್ಗವಾಗಿ ಮೇಜಿನ ಒಂದು ಕುರ್ಚಿ ಖಾಲಿಯಾಯಿತು. ಉಳಿದವರು ಇಬ್ಬರು. ಒಬ್ಬ ದಿವಾದ ಓಂಕಾರ್, ಮರಾಠಿ ಹುಡುಗ, ಕಥೆಯಲ್ಲಿ ಮಾತು ಕಡಿಮೆ ಕತ್ತಿ ಜಾಸ್ತಿ. ಇನ್ನೊಬ್ಬಳು ಕಾಮೋಠೆಯಿಂದ ಬರುವ ಪಲ್ಲವಿ, ಹುಬ್ಬಳ್ಳಿ ಕಡೆಯವರ ಮಗಳು. ಈ ಪಲ್ಲವಿಯ ವಿಷಯ ನಿಮಗೆ ಸ್ವಲ್ಪ ಹೇಳಲೇಬೇಕು. ಅವಳದು ಯಾವುದೋ ಕಂಪನಿಯ ಗಿರಾಕಿಗಳ ದೂರು ಕೇಳುವ ಕೆಲಸ. ಸೋಮವಾರದಿಂದ ಶನಿವಾರದವರೆಗೆ ತಾನು ಮಾಡದ ತಪ್ಪಿಗೆ ಫೋನಿನಲ್ಲಿ ಬೈಸಿಕೊಂಡು, ಮೆತ್ತಗೆ ಸಾರಿ ಹೇಳಬೇಕು. ಭಾನುವಾರ ನಮ್ಮ ಮೇಜಿನಲ್ಲಿ ಅವಳು ಚಂದ್ರಿ. ದೊರೆಯ ಖಜಾನೆಗೆ ಕನ್ನ ಹಾಕಿ ಓಡುತ್ತಿರುವ, ಯಾರ ಕೈಗೂ ಸಿಗದ, ಯಾರಿಗೂ ಸಾರಿ ಹೇಳದ ಚಂದ್ರಿ. ಎರಡು ವರ್ಷದಿಂದ ಅವಳು ಚಂದ್ರಿಯನ್ನು ಹಿಡಿಗೊಡದೆ ಸಾಕಿದ್ದಳು. ಮನೆಯೊಳಗೆ ಬರುವಾಗ ಬಗ್ಗಿರುವ ಅವಳ ಬೆನ್ನು ದಾಳ ಕೈಗೆ ಬಂದೊಡನೆ ನೆಟ್ಟಗಾಗುವುದನ್ನು ನಾನು ಅಡುಗೆಮನೆಯಿಂದಲೇ ನೋಡಿದ್ದೆ.

"ಮಮ್ಮಿ, ತೂ ಬೈಠ್ ನಾ. ಏಕ್ ನಾವ್‌ವಾಲೀ ಬುಡ್ಢೀ ಹೈ, ಉಸ್ಕಾ ರೋಲ್ ಕರ್," ಎಂದ ನಿಶಾಂತ್. ದೋಣಿ ದಾಟಿಸುವ ಮುದುಕಿಯೊಬ್ಬಳಿದ್ದಾಳಂತೆ, ಆ ಪಾತ್ರ ನನಗಂತೆ. ಮುದುಕಿ ಅನ್ನುವುದಕ್ಕೆ ಸ್ವಲ್ಪ ಮುಖ ಸೊಟ್ಟ ಮಾಡಿದೆ, ಆದರೆ ವೀಳ್ಯ ಬಂದ ಮೇಲೆ ಅರ್ಥಧಾರಿ ಇಲ್ಲ ಎನ್ನುವುದಿಲ್ಲ. ಸೆರಗು ಸರಿಮಾಡಿಕೊಂಡು ಕೂತೆ. ಕನ್ನಡದಲ್ಲೇ ಆಡುತ್ತೇನೆ ಎಂದು ಮೊದಲೇ ಹೇಳಿದೆ. ಪಲ್ಲವಿ ಓಂಕಾರನ ಕಿವಿಯಲ್ಲಿ ಹಿಂದಿ ಮಾಡಿ ಊದುತ್ತಾ ಹೋದಳು.

ಪ್ರಸಂಗ ಹೀಗಿತ್ತು. ಚಂದ್ರಿ ನನ್ನ ಗುಡಿಸಲಿನಲ್ಲಿ ಅಡಗಿದ್ದಾಳೆ. ದೊರೆ ಸ್ವತಃ ಸೈನ್ಯ ಕಟ್ಟಿಕೊಂಡು, ನನ್ನ ದೋಣಿ ದಾಟುವ ಕಡವಿಗೆ ಬಂದು, ಅವಳನ್ನು ಒಪ್ಪಿಸು ಎನ್ನುತ್ತಾನೆ. ದೊರೆಯಾಗಿ ಮಾತಾಡುವವನು ಕಥೆಗಾರನೇ, ಅಂದರೆ ನನ್ನ ಮಗ. ನಾನು ಶುರುಮಾಡಿದೆ ನೋಡಿ! ಆಶ್ರಿತರನ್ನು ಕಾಯುವ ಧರ್ಮ ಎಂದೆ, ನೀರಿಗೆ ದೊರೆಯ ಗಡಿ ಗೊತ್ತಿಲ್ಲ ಎಂದೆ, ನಿನ್ನ ಅಜ್ಜ ಸೋತು ಓಡಿ ಬಂದಾಗ ಈ ಮುದುಕಿಯ ಅಜ್ಜಿಯೇ ಅವನನ್ನು ದಾಟಿಸಿದ್ದು, ಅಂದು ಒಪ್ಪಿಸಿದ್ದರೆ ಇಂದು ನೀನೆಲ್ಲಿ ಎಂದೆ. ಆ ಅಜ್ಜನನ್ನು ನಾನು ಆ ಕ್ಷಣಕ್ಕೆ ಸೃಷ್ಟಿಸಿದ್ದು. ನಿಶಾಂತ್ ತಡವರಿಸಿದ. ಓಂಕಾರ್ ಕತ್ತಿ ಮರೆತು ಬಾಯಿಬಿಟ್ಟು ಕೂತ. ಪಲ್ಲವಿಯ ಕಣ್ಣಲ್ಲಿ ಚಂದ್ರಿ ಮಿಂಚುತ್ತಿದ್ದಳು. ಕೊನೆಗೆ ದೊರೆ, "ಆಖ್ರೀ ಬಾರ್ ಪೂಛ್ ರಹಾ ಹೂಂ," ಎಂದ, ಕೊನೆಯ ಸಲ ಕೇಳುತ್ತಿದ್ದೇನೆ ಎಂದು.

ಆ ಮಾತು ನನ್ನ ಕಿವಿಗೆ ಭಾಗವತರ ಸೂಚನೆಯಾಗಿ ಬಿತ್ತು. ಮಾತು ಶಿಖರಕ್ಕೆ ಏರಿದೆ, ಇನ್ನು ಕಥೆ ಮುಂದೆ ಹೋಗಬೇಕು, ದೊರೆಯ ಎದುರು ದೋಣಿಯವಳು ಗೆಲ್ಲುವುದು ಯಾವ ಪ್ರಸಂಗದಲ್ಲಿದೆ? ನನ್ನ ಜೀವಮಾನದ ಅಭ್ಯಾಸ ತನ್ನ ಕೆಲಸ ಮಾಡಿತು. ಕಂಠ ಗದ್ಗದ ಮಾಡಿಕೊಂಡು, ಕೈ ಮುಗಿದು, "ಬಲವುಳ್ಳವನು ಕೇಳಿದಾಗ ಬಡವಿ ಕೊಡದೆ ಇರುವುದುಂಟೇ? ಕರೆದುಕೊಂಡು ಹೋಗು ದೊರೆ, ನನ್ನ ಕಣ್ಣೀರನ್ನೂ ಜೊತೆಗೆ ಕೊಂಡುಹೋಗು," ಎಂದು ಚಂದ್ರಿಯನ್ನು ಒಪ್ಪಿಸಿಬಿಟ್ಟೆ. ಹಾಗೇ ಚಪ್ಪಾಳೆಗಾಗಿ ಒಂದು ಕ್ಷಣ ಕಾದೆ.

ಚಪ್ಪಾಳೆ ಬರಲಿಲ್ಲ. "ಕಾಕೂ, ಹೇ ಕಾಯ್ ಕೇಲಂತ್?" ಎಂದ ಓಂಕಾರ್. ಇದೇನು ಮಾಡಿಬಿಟ್ಟಿರಿ ಎಂಬುದು ಅವನ ಮುಖದಲ್ಲೂ ಬರೆದಿತ್ತು. ನಿಶಾಂತ್ ತಲೆ ಹಿಡಿದುಕೊಂಡ. ನಾನು ಗೆಲ್ಲುತ್ತಿದ್ದೆನಂತೆ. ಇನ್ನೊಂದು ಮಾತು ಆಡಿದ್ದರೆ ದೊರೆ ಹಿಂದೆ ಸರಿಯುವವನಿದ್ದನಂತೆ. ಕಥೆಯಲ್ಲಿ ಹಾಗೆ ಇರಲಿಲ್ಲವಲ್ಲ ಎಂದರೆ, "ಕಹಾನೀ ಲಿಖೀ ಕಿಸ್‌ನೇ ಹೈ, ಮಮ್ಮಿ?" ಎಂದು ಮರುಕೇಳಿದ. ಕಥೆ ಬರೆದವರು ಯಾರೂ ಇಲ್ಲ, ಅದು ನಾವು ಆಡಿದಂತೆ ಆಗುತ್ತದೆ. ಆಡಿದ್ದನ್ನು ಹಿಂದೆ ತೆಗೆದುಕೊಳ್ಳುವ ಹಾಗೂ ಇಲ್ಲ; ಈ ಮೇಜಿನಲ್ಲಿ ಬಾಯಿಂದ ಬಿದ್ದದ್ದು ನಡೆದುಹೋದ ಹಾಗೇ ಲೆಕ್ಕ. ಪಲ್ಲವಿ ಚೀಲ ಎತ್ತಿಕೊಂಡಳು, ಠಾಣೆ ರೈಲ್ವೇ ಸ್ಟೇಷನ್ನಿನಲ್ಲಿ ಪನ್ವೇಲ್ ಗಾಡಿ ತಪ್ಪುತ್ತದೆ ಎಂದು ಹೊರಟಳು. ಬಾಗಿಲಲ್ಲಿ ಚಪ್ಪಲಿ ಹಾಕುವಾಗ ತಿರುಗಿ, "ಚಂದ್ರಿ ನಿಮ್ಮನ್ನ ನಂಬಿದ್ಲರಿ, ಆಂಟಿ," ಎಂದಳು. ಅವಳ ಬೆನ್ನು ಮತ್ತೆ ಬಗ್ಗಿತ್ತು.

ಆ ವಾರವಿಡೀ ನನಗೆ ಸಂಕಟ. ಕಾಗದದ ಮೇಲಿನ ಒಬ್ಬ ಕಳ್ಳಿಗಾಗಿ ಸಂಕಟವೇ ಎಂದು ನೀವು ನಗಬಹುದು. ಕಟ್ಟುಕಥೆಯ ಅರಸರಿಗಾಗಿ ಸಭೆಯನ್ನು ಅಳಿಸಿದವಳಿಗೆ ಹಾಗೆ ನಗುವ ಹಕ್ಕಿಲ್ಲ. ಇನ್ನು ಬರುವುದಿಲ್ಲ, ಚಂದ್ರಿ ಇಲ್ಲದ ಆಟ ನನಗೆ ಬೇಡ ಎಂದು ಪಲ್ಲವಿ ನಿಶಾಂತನಿಗೆ ಮೆಸೇಜು ಹಾಕಿದ್ದಳು. ನಾನು ತರಕಾರಿ ಹೆಚ್ಚುತ್ತಾ ಯೋಚಿಸಿದೆ, ಈ ಸೋಲುವ ವಿದ್ಯೆ ನನ್ನಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂದು. ನಮ್ಮ ಕಟ್ಟಡದ ಸೊಸೈಟಿಯ ಮೀಟಿಂಗಿನಲ್ಲಿ ಅಧ್ಯಕ್ಷರು ಎರಡನೇ ಸಲ ಕೆಮ್ಮಿದರೆ ನಾನು ಆಯಿತು ಬಿಡಿ ಎಂದು ಕೂರುವವಳು. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಮೊದಲು ಚೆನ್ನಾಗಿ ಜಗಳಾಡಿ, ಆಮೇಲೆ ಸೀಟು ಬಿಟ್ಟುಕೊಡುವವಳು. ನನ್ನ ವಯಸ್ಸಿನವರಿಗೆ ಎಲ್ಲದರ ಕೊನೆಯೂ ಮೊದಲೇ ಗೊತ್ತಿರುತ್ತದೆ, ಅಥವಾ ಗೊತ್ತಿದೆ ಎಂದುಕೊಂಡಿರುತ್ತೇವೆ. ಹೇಗೂ ಆಗುವುದು ಇಷ್ಟೇ ಎಂದು ತಿಳಿದ ಮೇಲೆ ಚೆಂದವಾಗಿ ಒಪ್ಪಿಕೊಳ್ಳುವುದನ್ನೇ ನಾವು ಪ್ರೌಢಿಮೆ ಎಂದು ಕರೆದುಕೊಂಡು ಬಂದಿದ್ದೇವೆ. ತಾಳಮದ್ದಳೆಯಲ್ಲಿ ಅದು ಪ್ರೌಢಿಮೆಯೇ, ಅಲ್ಲಿ ಅದನ್ನು ನಾನು ಇವತ್ತಿಗೂ ಬಿಟ್ಟುಕೊಡಲಾರೆ. ಮೇಜಿನ ಮೇಲೆ ಅದೇ ಗುಣ ಒಂದು ಹುಡುಗಿಯ ಭಾನುವಾರವನ್ನು ಕಿತ್ತುಕೊಂಡಿತ್ತು.

ಮಗನಿಗೆ ಹೇಳಿದೆ, ವಿಚಾರಣೆ ಇಲ್ಲದೆ ಶಿಕ್ಷೆ ಕೊಡುವ ದೊರೆಯನ್ನು ನಾನು ಒಪ್ಪುವುದಿಲ್ಲ, ಆಸ್ಥಾನ ಕರೆ, ನಾನು ವಾದಿಸುತ್ತೇನೆ, ಪಲ್ಲವಿ ಬಂದು ಕೇಳಲಿ. ಅವಳು ಬಂದಳು. ಕುರ್ಚಿಯನ್ನು ಮೇಜಿನಿಂದ ಸ್ವಲ್ಪ ದೂರ ಇಟ್ಟುಕೊಂಡು, ಚೀಲವನ್ನು ಮಡಿಲಲ್ಲೇ ಹಿಡಿದುಕೊಂಡು ಕೂತಳು.

ಆ ದಿನ ಮಾತಾಡಿದ ಹಾಗೆ ನಾನು ಯಾವ ವೇದಿಕೆಯಲ್ಲೂ ಮಾತಾಡಿಲ್ಲ, ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಮಾತು ಮುಗಿದ ಮೇಲೆ ನಿಶಾಂತ್ ದಾಳವನ್ನು ನನ್ನ ಮುಂದೆ ತಳ್ಳಿದ. ವಾದ ಗಟ್ಟಿಯಾಗಿತ್ತೆಂದು ರಿಯಾಯಿತಿ ಕೊಟ್ಟು, ಹತ್ತಕ್ಕಿಂತ ಹೆಚ್ಚು ಬಿದ್ದರೆ ಬಿಡುಗಡೆ ಎಂದ. ಬೀಳದಿದ್ದರೆ ಏನು ಯೋಚಿಸಿದ್ದೀ ಎಂದು ಕೇಳಿದೆ. "ಮುಝೇ ಭೀ ನಹೀಂ ಪತಾ, ಮಮ್ಮಿ," ಎಂದ. ಭಾಗವತನಿಗೇ ಮುಂದಿನ ಪದ್ಯ ಗೊತ್ತಿಲ್ಲ! ನಿನ್ನ ಚಂದ್ರಿ, ನೀನೇ ಹಾಕು ಎಂದು ದಾಳವನ್ನು ಪಲ್ಲವಿಯತ್ತ ಸರಿಸಿದೆ. "ಇಲ್ರಿ. ಬಿಟ್ಟುಕೊಟ್ಟಾವ್ರು ನೀವು, ಬಿಡಸಾವ್ರೂ ನೀವ ಆಗ್ರಿ," ಎಂದು ಅವಳು ಅದನ್ನು ವಾಪಸು ತಳ್ಳಿದಳು.

ಉರುಳಿಸಿದೆ. ಮೂರು ಬಿತ್ತು.

ಅರ್ಧ ಗಂಟೆಯ ಅರ್ಥಗಾರಿಕೆಗೆ ಮೂರು! ನಿಶಾಂತ್ ದಾಳವನ್ನೂ ನನ್ನ ಮುಖವನ್ನೂ ನೋಡಿದ. ಮಗ ಅಲ್ಲವೇ, ಅಮ್ಮನಿಗಾಗಿ ಕಣ್ಣು ಮುಚ್ಚಿಕೊಳ್ಳಬಹುದಿತ್ತು, ಮುಚ್ಚಿಕೊಳ್ಳಲಿಲ್ಲ, ಅದಕ್ಕೆ ನನಗೆ ಅವನ ಮೇಲೆ ಹೆಮ್ಮೆ ಅನ್ನಿಸಿತು. ಚಂದ್ರಿಗೆ ಖಾಡಿಯ ನಡುವಿನ ಉಪ್ಪಿನ ದ್ವೀಪದಲ್ಲಿ ಜೀವಾವಧಿ ಸೆರೆ ಎಂದು ತೀರ್ಪು ಹೇಳಿದ. "ಹೋಗ್ಲಿ ಬಿಡ್ರಿ ಆಂಟಿ," ಎಂದಳು ಪಲ್ಲವಿ. "ಈ ಸಲ ನೀವು ಬಿಟ್ಟುಕೊಟ್ಟಿಲ್ಲ, ನಾವು ಸೋತೇವಿ." ಅವಳ ಕೈ ಚೀಲದ ಪಟ್ಟಿಯನ್ನು ಹೆಗಲಿಗೆ ಏರಿಸತೊಡಗಿತ್ತು.

ನಿಶಾಂತ್ ಕಥೆ ಮುಗಿಸುವ ದನಿಯಲ್ಲಿ ಮುಂದುವರಿಸಿದ. ಸೈನಿಕರು ಚಂದ್ರಿಯನ್ನು ಮೆಟ್ಟಿಲಿಳಿಸಿ ಕಡವಿಗೆ ತರುತ್ತಾರೆ, ಕೈಕೋಳ ಹಾಕಿ ದೋಣಿಯಲ್ಲಿ ಕೂರಿಸುತ್ತಾರೆ, ದೋಣಿ ದ್ವೀಪದ ಕಡೆ ಹೊರಡುತ್ತದೆ.

"ನಿಲ್ಲು," ಎಂದೆ. "ದೋಣಿ ನಡೆಸುವುದು ಯಾರು?"

"ಎಂತ?" ಎಂದ ಮಗ. ಹಿಂದಿ ಎಲ್ಲಿ ಹೋಯಿತೋ.

"ಕಡವಿನವಳು ನಾನು. ದೋಣಿ ಹೊರಡುತ್ತದೆ ಅಂತ ನೀನು ಹೇಳಿ ಆಯ್ತಲ್ಲ, ಇನ್ನು ಹಿಂದೆ ತೆಗಿಲಿಕ್ಕಿಲ್ಲ. ಹುಟ್ಟು ನನ್ನ ಕೈಯಲ್ಲುಂಟು. ಎಲ್ಲಿಗೆ ಹೋಗುದು ಅಂತ ನಾನು ಇನ್ನೂ ಹೇಳ್ಲಿಲ್ಲ ಮಾರಾಯ."

ನಿಶಾಂತ್ ದಾಳಗಳನ್ನು ಹುಡುಕತೊಡಗಿದ. ಓಂಕಾರ್ ಮೇಜು ಗುದ್ದಿ ನಕ್ಕ. ಪಲ್ಲವಿ ಚೀಲವನ್ನು ನೆಲಕ್ಕೆ ಬಿಟ್ಟು, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಸೈನಿಕರಿಗೆ ಕೇಳಿಸದಷ್ಟು ಮೆಲ್ಲಗೆ ನನ್ನ ಕಡೆ ಬಗ್ಗಿದಳು.

"ಚಂದ್ರಿಗೆ ಈಜಾಕ ಬರ್ತದ್ರಿ, ಆಂಟಿ."