ದಾಕ್ಷಾಯಣಮ್ಮನವರ ಬಾವಿ ಮತ್ತು ಚೂಡಾಮಣಿ

ಚೂಡಾಮಣಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ನಾನೇನು ಸಾಧಿಸಬೇಕಾಗಿದೆ? ಅವಳು ಚಾಮರಾಜಪೇಟೆಯ ಮದುವೆ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ವೆಂಕಟಾಚಲಯ್ಯನ ಮಗಳು. ಇದ್ದದ್ದೇ ಎರಡು ಲಂಗ. ಆದರೂ ಕ್ಲಾಸಿನಲ್ಲಿ ಯಾವಾಗಲೂ ಅವಳೇ ಮೊದಲು, ನಾನು ಎರಡನೆಯವಳು. "ಗೋದಾ, ಚೂಡಾಮಣೀನ ನೋಡಿ ಕಲಿತ್ಕೊಳೇ" ಅಂತ ನನ್ನ ಹೆತ್ತತಾಯಿಯೇ ಹೇಳುತ್ತಿದ್ದಳು. ಹೊಟ್ಟೆ ಉರಿಯದೆ ಇರುತ್ತದೆಯೇ?

೧೯೫೩ರಲ್ಲಿ ನಮ್ಮ ಹುಡುಗಿಯರ ಹೈಸ್ಕೂಲಿನಲ್ಲಿ ವಿಜ್ಞಾನ ಪ್ರದರ್ಶನ ಇಟ್ಟರು. ನಮ್ಮ ಬೀದಿಯ ಬಾವಿಗಳ ನೀರು ಹೇಗಿದೆ ಅಂತ ಪರೀಕ್ಷಿಸುವ ಕೆಲಸವನ್ನು ನಮ್ಮಿಬ್ಬರಿಗೂ ಬೇರೆ ಬೇರೆಯಾಗಿ ಒಪ್ಪಿಸಿದರು. ಚೆನ್ನಾಗಿ ಮಾಡಿದವರಿಗೆ ಒಂದು ಫೌಂಟನ್ ಪೆನ್. ಅದು ನನಗೆ ಸಿಗದಿದ್ದರೂ ಚಿಂತೆಯಿಲ್ಲ, ಅವಳಿಗೆ ಮಾತ್ರ ಸಿಗಕೂಡದು ಅಂತ ಆಂಜನೇಯನಿಗೆ ಹರಕೆ ಹೊತ್ತೆ.

ನನ್ನ ಸೋದರಮಾವ ಕಾಲೇಜಿನ ಲ್ಯಾಬಿನಲ್ಲಿದ್ದ. ಅವನಿಂದ ಸಿಲ್ವರ್ ನೈಟ್ರೇಟ್ ತರಿಸಿಕೊಂಡೆ. ಎರಡು ಹನಿ ಬಿಟ್ಟರೆ ಸಾಕು, ಉಪ್ಪಿನಂಶವಿರುವ ನೀರು ಬೆಳ್ಳಗಾಗುತ್ತದೆ. ಚೂಡಾಮಣಿಯ ಹತ್ತಿರ ಏನಿತ್ತು, ಮಣ್ಣು? ಇದ್ದಿಲ ಒಲೆಯ ಮೇಲೆ ಒಂದೊಂದು ಬಾವಿಯ ನೀರಿನಲ್ಲೂ ಒಂದೊಂದು ಹಿಡಿ ತೊಗರಿಬೇಳೆ ಬೇಯಿಸಿ, ಎಷ್ಟು ಹೊತ್ತಿಗೆ ಬೆಂದಿತು ಅಂತ ಬರೆದಿಟ್ಟಳು. ಅಡುಗೆಯವನ ಮಗಳು ಇನ್ನೇನು ಮಾಡಿಯಾಳು ಅಂತ ನಕ್ಕೆ.

ಆಗೆಲ್ಲ ಹೊರಗಿನವರ ಪಾತ್ರೆಯನ್ನು ಬಾವಿಕಟ್ಟೆಗೆ ಸುಮ್ಮನೆ ಸೇರಿಸುತ್ತಿರಲಿಲ್ಲ. ಪ್ರತಿ ಮನೆಯಲ್ಲೂ ಹೆಂಗಸರ ಕಣ್ಣೆದುರೇ ನನ್ನ ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ತೋರಿಸಬೇಕಾಗಿತ್ತು. ತಿಕ್ಕಿದೆ, ಬೊಗಸೆ ನೀರಿನಲ್ಲಿ ತೊಳೆದ ಶಾಸ್ತ್ರ ಮಾಡಿದೆ, ನೀರು ತುಂಬಿಸಿಕೊಂಡೆ. ಎಂಟು ಬಾವಿಯ ನೀರೂ ಬೆಳ್ಳಗಾಯಿತು. ಕಾಫಿಗೆಂದು ಬೀದಿಯವರೆಲ್ಲ ಒಯ್ಯುತ್ತಿದ್ದ ದಾಕ್ಷಾಯಣಮ್ಮನವರ ಬಾವಿಯ ನೀರಂತೂ ಮಜ್ಜಿಗೆಯ ಹಾಗೆ! ಎಲ್ಲಕ್ಕಿಂತ ಉಪ್ಪು ಆ ಬಾವಿಯದೇ ಅಂತ ಬೀದಿಗೆಲ್ಲ ಸಾರಿಕೊಂಡು ಬಂದೆ. ಮಾರನೆಯ ದಿನದಿಂದ ಆ ಮನೆಗೆ ಯಾರೂ ಕೊಡ ತರಲಿಲ್ಲ. "ಮೂವತ್ತು ವರ್ಷ ಬೀದಿಗೆಲ್ಲಾ ನೀರು ಕೊಟ್ಟೆ. ಈಗ ನನ್ ಬಾವಿ ಕೆಟ್ಟದ್ದಾಯ್ತಾ?" ಅಂತ ದಾಕ್ಷಾಯಣಮ್ಮ ಕಣ್ಣೊರೆಸಿಕೊಂಡರಂತೆ.

ಚೂಡಾಮಣಿ ನಮ್ಮ ಮನೆಗೆ ಬಂದಳು. "ಗೋದಾ, ಆ ನೀರಲ್ಲಿ ಬೇಳೆ ಬೆಣ್ಣೆ ಥರ ಬೆಂತು ಕಣೇ. ಉಪ್ಪು ನೀರಾಗಿದ್ರೆ ಹಾಗೆ ಬೇಯ್ತಿತ್ತಾ? ನಿನ್ ಚೊಂಬಲ್ಲೇ ಉಪ್ಪು ಉಳ್ಕೊಂಡಿರ್ಬೇಕು. ಬಿಸಿನೀರಲ್ಲಿ ಚೆನ್ನಾಗಿ ತೊಳ್ದು ಇನ್ನೊಂದ್ಸಲ ನೋಡೇ."

"ನಿನ್ ಕೆಲ್ಸ ನೀನ್ ನೋಡ್ಕೊ. ನಂಗೆ ಬುದ್ಧಿ ಹೇಳಕ್ಕೆ ಬರ್ಬೇಡ" ಅಂದೆ. ನನ್ನ ಪೆನ್ನಿಗೆ ಕಲ್ಲು ಹಾಕಲು ಬಂದಿದ್ದಾಳೆ ಅಂತಲೇ ನನ್ನ ಲೆಕ್ಕ.

ಪ್ರದರ್ಶನದ ದಿನ ಚೊಂಬನ್ನು ಮತ್ತೆ ಹುಣಸೆ ಉಪ್ಪಿನಲ್ಲಿ ತಿಕ್ಕಿ ಫಳಫಳ ಮಾಡಿ ಇಟ್ಟಿದ್ದೆ. ಬಹುಮಾನ ಕೊಡಲು ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು ಬಂದಿದ್ದರು. ನನ್ನ ಪಟ್ಟಿ ನೋಡಿ ಹುಬ್ಬೇರಿಸಿ, ಬಟ್ಟಿ ಇಳಿಸಿದ ನೀರನ್ನು ತರಿಸಿ ನನ್ನ ಚೊಂಬಿಗೆ ಸುರಿದರು. ಅದನ್ನು ಗಾಜಿನ ನಳಿಕೆಗೆ ಬಗ್ಗಿಸಿ ಎರಡು ಹನಿ ಬಿಟ್ಟರು. ಬೆಳ್ಳಗಾಯಿತು.

"ಬಟ್ಟಿ ಇಳ್ಸಿದ ನೀರಲ್ಲಿ ಉಪ್ಪು ಎಲ್ಲಿಂದ ಬಂತಮ್ಮ?"

ಅಯ್ಯೋ, ಚೂಡಾಮಣಿ ಹೇಳಿದ್ದೇ ನಿಜವಾಗಿತ್ತು! ಆದರೆ ನನ್ನ ನಾಲಿಗೆ ನನಗಿಂತ ಜಾಣೆ. "ಚೊಂಬಿಂದ ಸಾರ್. ಹುಣಸೆ ಉಪ್ಪಲ್ಲಿ ತಿಕ್ಕಿದ್ದು. ಪಾತ್ರೆ ಸರಿಯಾಗಿ ತೊಳೀದೇ ಇದ್ರೆ ಹೀಗಾಗುತ್ತೆ ಅಂತ ತೋರ್ಸಕ್ಕೇ ಇಟ್ಟಿದೀನಿ."

"ಭೇಷ್! ಇದನ್ನ ನೀನೇ ಕಂಡುಹಿಡಿದ್ಯಾ?"

ಪಕ್ಕದ ಮೇಜಿನಲ್ಲೇ ಚೂಡಾಮಣಿ ನಿಂತಿದ್ದಳು. "ಹೌದು ಸಾರ್, ನಾನೇ" ಅಂದೆ. ಅವಳು ನನ್ನ ಮುಖ ನೋಡಿದಳು, ಅಷ್ಟೆ. ಪೆನ್ನು ನನ್ನದಾಯಿತು.

ಸ್ಕೂಲು ಬಿಟ್ಟ ಕೂಡಲೇ ಅವಳು ದಾಕ್ಷಾಯಣಮ್ಮನವರ ಮನೆಯ ಕಡೆ ಓಡಿದಳು. ಚಾಡಿ ಹೇಳಲು ಹೊರಟಳು ಅಂತ ನಾನೂ ಹಿಂದೆಯೇ ಓಡಿದೆ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಏದುಸಿರು ಬಿಡುತ್ತ ಹೇಳುತ್ತಿದ್ದಳು: "ಅಮ್ಮಾ, ನಿಮ್ ಬಾವಿ ನೀರು ಚೆನ್ನಾಗೇ ಇದೆ. ತಪ್ಪು ಚೊಂಬಲ್ಲಿತ್ತು. ಗೋದಾನೇ ಕಂಡುಹಿಡಿದ್ಲು, ಬಹುಮಾನಾನೂ ಬಂತು!"

ದಾಕ್ಷಾಯಣಮ್ಮ ದಡದಡ ಬಂದು ನನ್ನ ಮುಖ ನೀವಿ, ತಮ್ಮ ತಲೆಗೆ ಬೆರಳು ಒತ್ತಿ ನೆಟಿಗೆ ಮುರಿದರು. "ನನ್ ಮಾನ ಉಳಿಸ್ದೆ ತಾಯೀ. ನಿನ್ ಮೇಲೆ ಯಾರ ಕೆಟ್ಟ ಕಣ್ಣೂ ಬೀಳ್ದೆ ಇರ್ಲಿ."

ಚೂಡಾಮಣಿ ಪಕ್ಕದಲ್ಲಿ ನಗುತ್ತ ನಿಂತಿದ್ದಳು, ನಿಜವಾಗಿಯೂ ಸಂತೋಷಪಟ್ಟುಕೊಂಡು. ಪೆನ್ನು ನನ್ನ ಕೈಯಲ್ಲೇ ಇತ್ತು. ಆಗಲೂ ಹೊಟ್ಟೆ ಉರಿದದ್ದು ನನಗೇ.